ಲೋಟದ ಬಿಸಿ ಉಳಿಸುವ ಪ್ರಯೋಗ: ಮಕ್ಕಳ ಕೈಯಲ್ಲಿ ಮಾಡಿಸುವುದು ಹೇಗೆ?

ಉಷ್ಣದ ಪಾಠ ಶುರುವಾದಾಗಲೆಲ್ಲ ಶಿಕ್ಷಕರಿಂದ ಒಂದೇ ಪ್ರಶ್ನೆ ಬರುತ್ತದೆ. "ಲೋಟಗಳಿಗೆ ಹತ್ತಿ, ನಾರು, ಪೇಪರ್ ಸುತ್ತಿಸಿ ಬಿಸಿನೀರು ಹಾಕಿಸಿದೆವು. ಯಾವುದು ಹೆಚ್ಚು ಹೊತ್ತು ಬಿಸಿ ಹಿಡಿಯುತ್ತೆ ಅಂತ ನೋಡಿದೆವು. ಉತ್ತರ ಪುಸ್ತಕದ ಥರ ಬರಲಿಲ್ಲ. ಹತ್ತಿಗಿಂತ ಪೇಪರೇ ಗೆದ್ದಿತು. ಈಗ ಮಕ್ಕಳಿಗೆ ಏನು ಹೇಳೋದು?"

ಈ ಪ್ರಯೋಗ ನೋಡಲು ತುಂಬಾ ಸುಲಭ. ಅದಕ್ಕೇ ತಯಾರಿ ಇಲ್ಲದೆ ಮಾಡಿಬಿಡುತ್ತೇವೆ. ಮುಚ್ಚಳ ಮರೆತಿರುತ್ತೇವೆ, ಫ್ಯಾನ್ ತಿರುಗುತ್ತಿರುತ್ತದೆ, ಒಂದು ಲೋಟಕ್ಕೆ ನೀರು ಜಾಸ್ತಿ ಬಿದ್ದಿರುತ್ತದೆ. ಆಮೇಲೆ ಬಂದ ಅಂಕಿಗಳನ್ನು ನಂಬುವುದೋ ಬಿಡುವುದೋ ಗೊತ್ತಾಗುವುದಿಲ್ಲ. ನೆಚ್ಚಬಹುದಾದ ಅಂಕಿ ಬರುವ ಹಾಗೆ ಈ ಪ್ರಯೋಗವನ್ನು ಮಾಡಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಏಳನೇ ತರಗತಿಯಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಇದು ಹೊಂದುತ್ತದೆ. ಅದಕ್ಕಿಂತ ಚಿಕ್ಕವರಿಗೆ ಐಸ್ ಬಳಸುವ ಬಗೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಾಲ್ಕು ಮಾತು ತಿಳಿದಿರಲಿ

ಉಷ್ಣ ನಿರೋಧಕ ಅಂದರೆ ಶಾಖ ಬೇಗ ದಾಟಿ ಹೋಗದಂತೆ ತಡೆಯುವ ವಸ್ತು. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಪೂರ್ತಿ ನಿಲ್ಲಿಸುವುದೂ ಇಲ್ಲ. ನಿಧಾನ ಮಾಡುತ್ತದೆ, ಅಷ್ಟೇ.

ಲೋಟದೊಳಗಿನ ಶಾಖ ಹೊರಗೆ ಹೋಗಲು ನಾಲ್ಕು ದಾರಿ ಇವೆ. ಒಂದು ವಹನ: ಸಾರಿನಲ್ಲಿ ಬಿಟ್ಟ ಸೌಟಿನ ಹಿಡಿ ಬಿಸಿಯಾಗುತ್ತದಲ್ಲ, ಹಾಗೆ ವಸ್ತುವಿನೊಳಗಿಂದಲೇ ಶಾಖ ಸಾಗುವುದು. ಎರಡು ಸಂವಹನ: ಬಿಸಿಯಾದ ಗಾಳಿ ಅಥವಾ ನೀರು ತಾನೇ ಮೇಲೆದ್ದು ಶಾಖವನ್ನು ಹೊತ್ತುಕೊಂಡು ಹೋಗುವುದು. ಮೂರು ವಿಕಿರಣ: ಒಲೆ ಮುಂದೆ ಕೂತರೆ ಮುಖಕ್ಕೆ ತಟ್ಟುವ ಬಿಸಿ. ನಾಲ್ಕನೆಯದು ಆವಿಯಾಗುವುದು. ಪಾಠದಲ್ಲಿ ಮೊದಲಿನ ಮೂರನ್ನು ಹೇಳಿರುತ್ತೇವೆ. ಆದರೆ ಬಾಯಿ ತೆರೆದ ಲೋಟದಲ್ಲಿ ಲೆಕ್ಕ ಕೆಡಿಸುವುದು ಹೆಚ್ಚಾಗಿ ನಾಲ್ಕನೆಯದೇ.

ಹೇಗೆ ಅಂತ ನೋಡಿ. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 4.18 ಜೂಲ್ ಬೇಕು. 200 ಗ್ರಾಂ ನೀರಿಗೆ 836 ಜೂಲ್. ಅದೇ 1 ಗ್ರಾಂ ಬಿಸಿನೀರು ಆವಿಯಾಗಿ ಹೋಗುವಾಗ ಸುಮಾರು 2,300 ಜೂಲ್ ಹೊತ್ತೊಯ್ಯುತ್ತದೆ. ಅಂದರೆ ಒಂದೇ ಒಂದು ಗ್ರಾಂ ಆವಿಯಾದರೂ ಲೋಟದಲ್ಲಿ ಉಳಿದ ನೀರು ಎರಡೂ ಮುಕ್ಕಾಲು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಹತ್ತಿಗೂ ನಾರಿಗೂ ಇರುವ ವ್ಯತ್ಯಾಸವೇ ಇಷ್ಟಿರುವುದಿಲ್ಲ. ಮುಚ್ಚಳ ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಹತ್ತಿಯನ್ನಲ್ಲ, ಆವಿಯನ್ನು.

ಏನೇನು ಬೇಕು

40 ಮಕ್ಕಳ ತರಗತಿಗೆ, ಐದೈದು ಜನರ ಎಂಟು ಗುಂಪು ಮಾಡಿದರೆ:

- ಒಂದೇ ಅಳತೆಯ ಎಂಟು ಸ್ಟೀಲ್ ಲೋಟ, 250 ಮಿಲಿಲೀಟರ್ ಹಿಡಿಯುವಂಥವು. ಒಂದೇ ಅಂಗಡಿಯ ಒಂದೇ ಸೆಟ್ ಆಗಿದ್ದರೆ ಒಳ್ಳೆಯದು.
- 2 ಲೀಟರ್‌ನ ಏಳು ಖಾಲಿ ತಂಪುಪಾನೀಯದ ಬಾಟಲಿ. ಮೇಲ್ಭಾಗ ಕತ್ತರಿಸಿ ತೆಗೆದು ಡಬ್ಬಿಯಂತೆ ಬಳಸಲು.
- ಪ್ರಯೋಗಾಲಯದ ಒಂಬತ್ತು ಥರ್ಮಾಮೀಟರ್ (ಲೋಟಗಳಿಗೆ ಎಂಟು, ಕೋಣೆಯ ಬಿಸಿ ನೋಡಲು ಒಂದು), 110 ಡಿಗ್ರಿವರೆಗೆ ಅಳೆಯುವಂಥವು. ಒಳಗೆ ಕೆಂಪು ದ್ರವ ಇರುವುದು ಸಾಕು. ಪಾದರಸದ್ದು ಬೇಡ, ಒಡೆದರೆ ಅದರ ಆವಿ ವಿಷ.
- ಮುಚ್ಚಳಕ್ಕೆ ದಪ್ಪ ರಟ್ಟು ಅಥವಾ ಥರ್ಮೋಕೋಲ್ ಹಾಳೆ, ರಬ್ಬರ್ ಬ್ಯಾಂಡ್, ಟೇಪು, ಆಲಿಕೆ.
- ಅಳತೆಯ ಜಾಡಿ, ಗಡಿಯಾರ, ಗ್ರಾಫ್ ಹಾಳೆ.
- ಮೂರು ಬಗೆಯ ತುಂಬುವ ವಸ್ತು.

ಮನೆಯ ಜ್ವರದ ಥರ್ಮಾಮೀಟರನ್ನು ಯಾವ ಕಾರಣಕ್ಕೂ ಬಿಸಿನೀರಿಗೆ ಹಾಕಬೇಡಿ. ಅದು 42 ಡಿಗ್ರಿ ಆಸುಪಾಸಿನವರೆಗೆ ಮಾತ್ರ ಅಳೆಯುತ್ತದೆ. ಗಾಜಿನದಾದರೆ ಒಡೆದೇ ಹೋಗುತ್ತದೆ.

ತುಂಬುವ ವಸ್ತುವನ್ನು ಅಂಗಡಿಯಿಂದ ತರಬೇಡಿ. ಊರಲ್ಲಿ ಸಿಗುವುದನ್ನೇ ಮಕ್ಕಳಿಂದ ತರಿಸಿ. ತಿಪಟೂರು ಕಡೆ ತೆಂಗಿನ ನಾರು ಬೇಕಾದಷ್ಟು. ಗಂಗಾವತಿ, ಸಿಂಧನೂರು, ಮಂಡ್ಯದಲ್ಲಿ ಅಕ್ಕಿ ಗಿರಣಿಯ ಹೊಟ್ಟು. ಹಾವೇರಿ, ರಾಯಚೂರು ಕಡೆ ಹತ್ತಿ. ಮಲೆನಾಡಿನಲ್ಲಿ ಒಣಗಿದ ಅಡಿಕೆ ಸಿಪ್ಪೆ, ತರಗೆಲೆ. ಚಳ್ಳಕೆರೆ ಸುತ್ತ ಹಳೆ ಕಂಬಳಿಯ ತುಂಡು. ಮರ ಕೊಯ್ಯುವ ಮಿಲ್ಲು ಇದ್ದರೆ ಮರದ ಪುಡಿ. "ಇದು ನಮ್ಮ ಹೊಲದ ಹತ್ತಿ" ಅಂತ ಹುಡುಗಿಯೊಬ್ಬಳು ಚೀಲ ಬಿಚ್ಚಿದರೆ, ಆ ಗುಂಪು ಪ್ರಯೋಗ ಮುಗಿಯುವವರೆಗೆ ಜಾಗ ಬಿಟ್ಟು ಅಲ್ಲಾಡುವುದಿಲ್ಲ.

ಎರಡು ವಸ್ತು ಮಾತ್ರ ಬೇಡ. ಗ್ಲಾಸ್ ವುಲ್, ಅಂದರೆ ಗಾಜಿನ ಎಳೆಗಳ ಹತ್ತಿ: ಚರ್ಮಕ್ಕೂ ಕಣ್ಣಿಗೂ ಚುಚ್ಚುತ್ತದೆ. ಇನ್ನೊಂದು ಒಲೆಯಿಂದ ಆಗಷ್ಟೇ ತೆಗೆದ ಬೂದಿ. ಹೊಟ್ಟು, ಮರದ ಪುಡಿ ತುಂಬುವಾಗ ದೂಳು ಏಳುತ್ತದೆ. ಹೊರಗೆ ಅಂಗಳದಲ್ಲಿ ತುಂಬಿಸಿ. ಉಬ್ಬಸ ಇರುವ ಮಗುವಿಗೆ ಆ ಕೆಲಸ ಕೊಡಬೇಡಿ.

ಹಂತ 1: ಹಿಂದಿನ ದಿನ ಎಲ್ಲ ಥರ್ಮಾಮೀಟರ್ ಒಂದೇ ಬಕೆಟ್ಟಿಗೆ

ಶಾಲೆಯ ಒಂಬತ್ತು ಥರ್ಮಾಮೀಟರ್ ಒಂದೇ ಮಾತು ಹೇಳುವುದಿಲ್ಲ. ಒಂದು ಬಕೆಟ್ ನೀರಿಗೆ ಎಲ್ಲವನ್ನೂ ಒಟ್ಟಿಗೆ ಇಳಿಸಿ, ಐದು ನಿಮಿಷ ಬಿಟ್ಟು ಓದಿ. ಒಂದು 26 ಅಂದರೆ ಇನ್ನೊಂದು 27.5 ಅನ್ನಬಹುದು. ಪ್ರತಿಯೊಂದಕ್ಕೂ ಟೇಪು ಅಂಟಿಸಿ, ಸಂಖ್ಯೆ ಕೊಟ್ಟು, ಎಷ್ಟು ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆ ಅಂತ ಬರೆದಿಡಿ. ಉಗುರು ಬಿಸಿ ನೀರಲ್ಲೂ ಒಮ್ಮೆ ನೋಡಿ. ಎರಡು ಡಿಗ್ರಿಗಿಂತ ಜಾಸ್ತಿ ತಪ್ಪುವುದನ್ನು ಬದಿಗಿಡಿ.

ಕುದಿಯುವ ನೀರಲ್ಲಿ 100 ತೋರಿಸಲಿಲ್ಲ ಅಂತ ಥರ್ಮಾಮೀಟರನ್ನು ಎಸೆಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ 100ರ ಹತ್ತಿರ ಬರುತ್ತದೆ.

ಹಂತ 2: ಕಂಬಳಿ ಬಿಸಿಯೋ, ತಣ್ಣಗೋ?

ಇದಕ್ಕೆ ಹತ್ತೇ ನಿಮಿಷ ಸಾಕು. ಆದರೆ ಬಿಡಬೇಡಿ. ಒಂದು ಥರ್ಮಾಮೀಟರನ್ನು ಮೇಜಿನ ಮೇಲಿಡಿ. ಇನ್ನೊಂದನ್ನು ಕಂಬಳಿ ಅಥವಾ ಸ್ವೆಟರಿನೊಳಗೆ ಸುತ್ತಿಡಿ. ಹತ್ತು ನಿಮಿಷ ಬಿಟ್ಟು ಒಳಗಿನದು ಎಷ್ಟು ತೋರಿಸಬಹುದು ಅಂತ ಕೇಳಿ. ಸಾಮಾನ್ಯವಾಗಿ ಮಕ್ಕಳು "ಜಾಸ್ತಿ" ಅನ್ನುತ್ತಾರೆ. ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ, ಆದ್ದರಿಂದ ಕಂಬಳಿಯೇ ಬೆಚ್ಚಗಿದೆ ಅನ್ನುವುದು ಅವರ ಲೆಕ್ಕ.

ಬಿಚ್ಚಿ ನೋಡಿದರೆ ಎರಡೂ ಒಂದೇ. ಆಗ ಆಗುವುದನ್ನು ಹತ್ತಿರದಿಂದ ಗಮನಿಸಿ. ಮಗು ಥರ್ಮಾಮೀಟರನ್ನು ಬೆಳಕಿಗೆ ಹಿಡಿಯುತ್ತದೆ, ಒಮ್ಮೆ ಕೊಡವುತ್ತದೆ, ಮತ್ತೆ ಕಂಬಳಿಯೊಳಗೆ ತುರುಕುತ್ತದೆ. ಕೆಟ್ಟಿರಬೇಕು ಅಂತ ಪಕ್ಕದವರದ್ದನ್ನು ಕೇಳಿ ತರುತ್ತದೆ. ಮಧ್ಯೆ ಬಾಯಿ ಹಾಕಬೇಡಿ. ಎರಡನೇ ಸಲವೂ ಅದೇ ಅಂಕಿ ಬಂದ ಮೇಲೆ "ಹಾಗಾದರೆ ನಮ್ಮನ್ನು ಬೆಚ್ಚಗಿಡುವುದು ಯಾವುದು?" ಅಂತ ಕೇಳಿ. ನಮ್ಮ ಮೈಯ ಶಾಖವೇ ಅನ್ನುವ ಉತ್ತರ ಅವರಿಂದಲೇ ಬರುತ್ತದೆ.

ಹಂತ 3: ಡಬ್ಬಿಯೊಳಗೆ ಲೋಟ

ಲೋಟದ ಸುತ್ತ ಬಟ್ಟೆ, ಪೇಪರ್ ಸುತ್ತುವುದು ವಾಡಿಕೆ. ಅಲ್ಲೇ ಮೊದಲ ತಪ್ಪು ನುಸುಳುವುದು. ಒಬ್ಬರು ದಪ್ಪಗೆ ಸುತ್ತುತ್ತಾರೆ, ಇನ್ನೊಬ್ಬರು ಬಿಗಿಯಾಗಿ ಎಳೆದು ತೆಳ್ಳಗೆ ಮಾಡುತ್ತಾರೆ. ತಳಕ್ಕೆ ಯಾರೂ ಏನೂ ಹಾಕಿರುವುದಿಲ್ಲ. ಆಮೇಲೆ ಗೆದ್ದಿದ್ದು ವಸ್ತುವೋ ದಪ್ಪವೋ ಹೇಳಲಾಗುವುದಿಲ್ಲ.

ಸುತ್ತುವುದರ ಬದಲು ತುಂಬಿಸಿ. ಕತ್ತರಿಸಿದ ಬಾಟಲಿಯ ತಳಕ್ಕೆ 2 ಸೆಂಟಿಮೀಟರ್ ವಸ್ತು ಹಾಕಿ. ಅದರ ಮೇಲೆ ನಡುವಿಗೆ ಸರಿಯಾಗಿ ಲೋಟ ಇಡಿ. ಸುತ್ತ ಉಳಿಯುವ ಸಂದಿಯೂ ಸುಮಾರು 2 ಸೆಂಟಿಮೀಟರೇ ಇರುತ್ತದೆ. ಅದನ್ನು ಲೋಟದ ಬಾಯಿವರೆಗೆ ತುಂಬಿ. ದಪ್ಪ ತಾನಾಗಿಯೇ ಎಲ್ಲರದ್ದೂ ಒಂದೇ ಆಗುತ್ತದೆ. ಬಾಟಲಿ ಪಾರದರ್ಶಕವಾದ್ದರಿಂದ ಎಲ್ಲಿ ಖಾಲಿ ಉಳಿದಿದೆ ಅಂತ ಹೊರಗಿಂದಲೇ ಕಾಣುತ್ತದೆ. ಕತ್ತರಿಸಿದ ಅಂಚು ಚೂಪಾಗಿರುತ್ತದೆ, ಬಾಟಲಿ ಕೊಯ್ಯುವ ಕೆಲಸ ನಿಮ್ಮದೇ ಇರಲಿ, ಅಂಚಿಗೆ ಟೇಪು ಹಾಕಿ.

ತುಂಬುವಾಗ ಹೆಬ್ಬೆಟ್ಟಿನಿಂದ ಜಡಿಯಬಾರದು. ಹತ್ತಿಯಲ್ಲಿ, ನಾರಿನಲ್ಲಿ ಶಾಖ ತಡೆಯುವ ಕೆಲಸ ಮಾಡುವುದು ಮುಖ್ಯವಾಗಿ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಕಲ್ಲಿನಂತೆ ಒತ್ತಿದರೆ ಗಾಳಿ ಹೊರಗೆ, ಎಳೆ ಎಳೆಗೆ ತಾಗಿ ಶಾಖಕ್ಕೆ ದಾರಿ. ಹಾಗಂತ ಸುಮ್ನೆ ಎರಡು ಎಳೆ ಹಾಕಿದರೆ ಒಳಗಿನ ಗಾಳಿ ತಿರುಗಾಡಲು ಶುರುಮಾಡುತ್ತದೆ. ತಲೆದಿಂಬಿನಷ್ಟು ಮೆತ್ತಗೆ ಇರಲಿ.

ಈಗ ಎಂಟು ಲೋಟದ ಹಂಚಿಕೆ. ಒಂದು ಲೋಟಕ್ಕೆ ಡಬ್ಬಿಯೂ ಇಲ್ಲ, ಏನೂ ಇಲ್ಲ. ಇದು ಹೋಲಿಕೆಯ ಲೋಟ, ಉಳಿದವು ಎಷ್ಟು ಉಳಿಸಿದವು ಅಂತ ಹೇಳಲು ಇದು ಬೇಕೇ ಬೇಕು. ಇನ್ನೊಂದನ್ನು ಡಬ್ಬಿಯಲ್ಲಿಟ್ಟು ಸಂದಿಯನ್ನು ಖಾಲಿ ಬಿಡಿ. ಅಡಿಗೆ ಮಾತ್ರ ಮೂರು ಸಣ್ಣ ಥರ್ಮೋಕೋಲ್ ತುಂಡು ಇಟ್ಟು ಲೋಟವನ್ನು ಎತ್ತರಿಸಿ. ಉಳಿದ ಆರು ಲೋಟಕ್ಕೆ ಆರು ವಸ್ತು ಹಾಕುವ ಆಸೆ ಬರುತ್ತದೆ. ಬೇಡ. ಮೂರೇ ವಸ್ತು, ಪ್ರತಿಯೊಂದಕ್ಕೂ ಎರಡು ಲೋಟ. ಹತ್ತಿಗೆ ಎರಡು, ನಾರಿಗೆ ಎರಡು, ಹೊಟ್ಟಿಗೆ ಎರಡು.

ಈ ಅವಳಿ ಲೋಟಗಳೇ ಇಡೀ ಪ್ರಯೋಗದ ಜೀವ. ಯಾಕೆ ಅಂತ ಹಂತ 7ರಲ್ಲಿ ಹೇಳುತ್ತೇನೆ. ಜಾಗ ಸಾಲದು ಅನಿಸಿದರೆ ಒಂದು ವಸ್ತುವನ್ನು ಬಿಡಿ, ಅವಳಿಯನ್ನು ಬಿಡಬೇಡಿ.

ಹಂತ 4: ಮುಚ್ಚಳ

ಎಂಟೂ ಲೋಟಕ್ಕೆ, ಬರಿ ಲೋಟಕ್ಕೂ ಸೇರಿ, ಒಂದೇ ಬಗೆಯ ಮುಚ್ಚಳ. ಎರಡು ಪದರ ರಟ್ಟು ಅಂಟಿಸಿ ಅಥವಾ ಥರ್ಮೋಕೋಲ್ ಕತ್ತರಿಸಿ. ನಡುವೆ ಥರ್ಮಾಮೀಟರ್ ಬಿಗಿಯಾಗಿ ಕೂರುವಷ್ಟು ತೂತು. ಥರ್ಮಾಮೀಟರಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಮುಚ್ಚಳದ ಮೇಲೆ ನಿಲ್ಲುವಂತೆ ಮಾಡಿ. ಅದರ ಬುರುಡೆ ನೀರಿನ ನಡುಮಧ್ಯದಲ್ಲಿ ತೂಗಬೇಕು. ತಳಕ್ಕೆ ತಾಗಿದರೆ ಅದು ಸ್ಟೀಲಿನ ಬಿಸಿ ಹೇಳುತ್ತದೆ, ನೀರಿನದ್ದಲ್ಲ.

ಒಮ್ಮೆ ಹಾಕಿದ ಥರ್ಮಾಮೀಟರನ್ನು ಕೊನೆವರೆಗೆ ತೆಗೆಯುವಂತಿಲ್ಲ. ಒಂದನ್ನೇ ಎರಡು ಲೋಟಕ್ಕೆ ಓಡಾಡಿಸಿದರೆ ಪ್ರತಿ ಸಲ ಮುಚ್ಚಳ ತೆರೆಯುತ್ತದೆ, ಅದರೊಂದಿಗೆ ಲೆಕ್ಕವೂ ಕೆಡುತ್ತದೆ.

ಹಂತ 5: ಊಹೆ ಬರೆಸಿ

ನೀರು ತರುವ ಮೊದಲು ಪ್ರತಿ ಮಗುವೂ ಒಂದು ಚೀಟಿಯಲ್ಲಿ ತನ್ನ ಊಹೆ ಬರೆಯಲಿ. ಯಾವುದು ಹೆಚ್ಚು ಬಿಸಿ ಉಳಿಸುತ್ತದೆ, ಯಾವುದು ಕಡಿಮೆ, ಯಾಕೆ. ಹೆಸರು ಹಾಕಿ, ಮಡಿಸಿ, ಡಬ್ಬಿಗೆ. ಬಾಯಲ್ಲಿ ಹೇಳಿಸಿದರೆ ಜಾಣ ಮಗು ಹೇಳಿದ್ದನ್ನೇ ಉಳಿದವರು ಹೇಳುತ್ತಾರೆ.

ಹಂತ 6: ನೀರು ಸುರಿಯುವುದು ಮತ್ತು ಓದುವುದು

ಇಲ್ಲಿ ಅವಸರ ಬೇಡವೇ ಬೇಡ. ಕುದಿಯುವ ನೀರು ಬೇಕಾಗಿಲ್ಲ. 75 ಡಿಗ್ರಿ ಸಾಕು. ಅದೂ ಕಡಿಮೆ ಬಿಸಿಯಲ್ಲ: 70 ಡಿಗ್ರಿ ನೀರು ಚರ್ಮವನ್ನು ಒಂದು ಸೆಕೆಂಡಿನಲ್ಲಿ ಸುಡಬಲ್ಲದು. ಆದ್ದರಿಂದ ನೀರನ್ನು ಸುರಿಯುವವರು ನೀವೇ, ಮಕ್ಕಳಲ್ಲ. ಮಕ್ಕಳು ಬೆಂಚಿನಿಂದ ಒಂದು ಹೆಜ್ಜೆ ಹಿಂದೆ ನಿಂತಿರಲಿ. ಯಾರಿಗಾದರೂ ಬಿಸಿನೀರು ತಾಗಿದರೆ ತಕ್ಷಣ ನಲ್ಲಿ ಕೆಳಗೆ ಹಿಡಿದು 20 ನಿಮಿಷ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸು ಯಾವುದೂ ಬೇಡ. ಬೊಬ್ಬೆ ಎದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ತರಗತಿಯಲ್ಲಿ ಕರೆಂಟ್ ಇದ್ದರೆ ವಿದ್ಯುತ್ ಕೆಟಲ್ ಸಾಕು. ಇಲ್ಲದಿದ್ದರೆ ಬಿಸಿಯೂಟದ ಅಡುಗೆಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಎರಡು ಲೀಟರ್ ಬಿಸಿನೀರನ್ನು ಫ್ಲಾಸ್ಕಿನಲ್ಲಿ ದೊಡ್ಡವರೇ ತರಲಿ.

ಫ್ಯಾನ್ ಆಫ್ ಮಾಡಿ. ಕಿಟಕಿ ಪಕ್ಕದ ಬಿಸಿಲಿನಲ್ಲಿ ಯಾವ ಲೋಟವೂ ಇರಬಾರದು. ಪ್ರತಿ ಲೋಟಕ್ಕೆ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಒಂದು ನಿಮಿಷ ಬಿಟ್ಟು, ಲೋಟವನ್ನು ಡಬ್ಬಿಯಿಂದ ಎತ್ತಿ ಚೆಲ್ಲಿ. ಸುಮಾರು 100 ಗ್ರಾಂ ತೂಕದ ತಣ್ಣನೆಯ ಸ್ಟೀಲ್ ಲೋಟ ತಾನು ಬಿಸಿಯಾಗಲಿಕ್ಕೇ ನೀರಿನಿಂದ ಎರಡೂವರೆ ಡಿಗ್ರಿಯಷ್ಟು ಕಿತ್ತುಕೊಳ್ಳುತ್ತದೆ. ಆಮೇಲೆ ಲೋಟವನ್ನು ಮತ್ತೆ ಕೂರಿಸಿ, ಆಲಿಕೆ ಇಟ್ಟು, ಅಳೆದು 200 ಮಿಲಿಲೀಟರ್ ಸುರಿಯಿರಿ.

ಆಲಿಕೆಯ ಬಗ್ಗೆ ನಾನು ಇಷ್ಟು ಹೇಳಲು ಕಾರಣ ಇದೆ. ಒಮ್ಮೆ ಜಗ್ಗಿನಿಂದ ನೇರ ಸುರಿದಿದ್ದೆ. ಹತ್ತಿಯ ಲೋಟ ಎಲ್ಲಕ್ಕಿಂತ ಮೊದಲು ತಣ್ಣಗಾಯಿತು. ನನಗೂ ಕಾರಣ ಹೊಳೆಯಲಿಲ್ಲ. ಒಬ್ಬ ಹುಡುಗ ಸಂದಿಗೆ ಬೆರಳು ಹಾಕಿ "ಸಾರ್, ಹತ್ತಿ ಒದ್ದೆ ಇದೆ" ಅಂದ. ಒಂದು ಚಮಚದಷ್ಟು ನೀರು ಹೊರಗೆ ಚೆಲ್ಲಿತ್ತು. ನಿಂತ ಗಾಳಿಗಿಂತ ನೀರು ಶಾಖವನ್ನು 20 ಪಟ್ಟಿಗೂ ಜಾಸ್ತಿ ಬೇಗ ದಾಟಿಸುತ್ತದೆ. ಎಳೆಗಳ ನಡುವೆ ಗಾಳಿ ಇದ್ದ ಕಡೆ ನೀರು ಕೂತರೆ ಹತ್ತಿ ಹತ್ತಿಯಾಗಿ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ವಸ್ತುಗಳನ್ನು ಹಿಂದಿನ ದಿನವೇ ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟು ಒಣಗಿಸಿಕೊಳ್ಳಿ.

ಇನ್ನೊಂದು ತೊಡಕು ಬಹಳ ಜನರನ್ನು ಕಾಡುತ್ತದೆ. ಎಂಟನೇ ಲೋಟಕ್ಕೆ ಸುರಿಯುವಷ್ಟರಲ್ಲಿ ಒಂದನೆಯದು ಆಗಲೇ ತಣ್ಣಗಾಗಿರುತ್ತದೆ. ಎಲ್ಲರಿಗೂ ಒಟ್ಟಿಗೆ "ಸ್ಟಾರ್ಟ್" ಅಂದರೆ ಓಟ ಬೇರೆ ಬೇರೆ ಗೆರೆಯಿಂದ ಶುರುವಾದಂತೆ. ಪರಿಹಾರ ಸುಲಭ. ಪ್ರತಿ ಗುಂಪಿನ ಗಡಿಯಾರ ಅವರ ಥರ್ಮಾಮೀಟರ್ 65 ಡಿಗ್ರಿ ತೋರಿಸಿದ ಕ್ಷಣದಿಂದ ಶುರುವಾಗಲಿ. ಹಂತ 1ರಲ್ಲಿ ಬರೆದಿಟ್ಟ ಹೆಚ್ಚು ಕಡಿಮೆಯನ್ನು ಸೇರಿಸಿಯೇ 65. ಅದು ಅವರ ಸೊನ್ನೆ ನಿಮಿಷ. ಒಂದು ಗುಂಪು ನಾಲ್ಕು ನಿಮಿಷ ತಡವಾಗಿ ಶುರು ಮಾಡಿದರೂ ಏನೂ ತೊಂದರೆ ಇಲ್ಲ.

ಅಲ್ಲಿಂದ 30 ನಿಮಿಷ, ಎರಡೆರಡು ನಿಮಿಷಕ್ಕೆ ಒಂದು ಓದು. ಒಬ್ಬರು ಗಡಿಯಾರ ನೋಡಲಿ, ಒಬ್ಬರು ಥರ್ಮಾಮೀಟರ್ ಓದಲಿ, ಒಬ್ಬರು ಬರೆಯಲಿ. ನಾಲ್ಕನೆಯವರು ಯಾರೂ ಬೆಂಚು ಅಲ್ಲಾಡಿಸದಂತೆ ಕಾಯಲಿ. ಐದನೆಯವರು ಮೇಜಿನ ಮೇಲಿಟ್ಟ ಥರ್ಮಾಮೀಟರಿನಲ್ಲಿ ಕೋಣೆಯ ಬಿಸಿ ನೋಡಲಿ. ಓದುವಾಗ ಕಣ್ಣು ದ್ರವದ ಮಟ್ಟಕ್ಕೇ ಇರಬೇಕು. ನಿಂತು ಮೇಲಿಂದ ನೋಡಿದರೆ ಒಂದು ಡಿಗ್ರಿ ತಪ್ಪುವುದು ಮಾಮೂಲು.

ಇದಕ್ಕೆ ಒಂದು ಪೀರಿಯಡ್ ಸಾಲದು. ಎರಡು ಪೀರಿಯಡ್ ಒಟ್ಟಿಗೆ ಸಿಗುವ ದಿನ ಇಟ್ಟುಕೊಳ್ಳಿ.

ಹಂತ 7: ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಡ್ಡಕ್ಕೆ ನಿಮಿಷ, ಉದ್ದಕ್ಕೆ ಡಿಗ್ರಿ. ಎಂಟೂ ಗೆರೆ ಒಂದೇ ದೊಡ್ಡ ಗ್ರಾಫ್ ಹಾಳೆಯ ಮೇಲೆ. ಅವಳಿ ಲೋಟಗಳಿಗೆ ಒಂದೇ ಬಣ್ಣ, ಒಂದು ಗೆರೆ, ಇನ್ನೊಂದು ಚುಕ್ಕಿ.

ಬರಿ ಲೋಟದ ಗೆರೆ ಮೊದಲು ಬೇಗ ಇಳಿದು ಆಮೇಲೆ ಚಪ್ಪಟೆಯಾಗುತ್ತಾ ಹೋಗುವುದನ್ನು ಮಕ್ಕಳಿಗೆ ತೋರಿಸಿ. ನೀರಿಗೂ ಕೋಣೆಗೂ ಇರುವ ಬಿಸಿಯ ಅಂತರ ಜಾಸ್ತಿ ಇದ್ದಷ್ಟೂ ಶಾಖ ಹೋಗುವ ವೇಗ ಜಾಸ್ತಿ. 1701ರಲ್ಲಿ ನ್ಯೂಟನ್ ಪ್ರಕಟಿಸಿದ ಬರಹದಲ್ಲಿದ್ದ ವಿಚಾರ ಇದು. ನಿಮ್ಮ ಮಕ್ಕಳು ಸ್ಟೀಲ್ ಲೋಟದಲ್ಲಿ ಅದನ್ನೇ ಕಂಡಿದ್ದಾರೆ.

ಈಗ ಅವಳಿಗಳಿಗೆ ಬನ್ನಿ. ಉದಾಹರಣೆಗೆ 30 ನಿಮಿಷದ ಕೊನೆಗೆ ಹತ್ತಿಯ ಎರಡು ಲೋಟ 58.5 ಮತ್ತು 59.5 ತೋರಿಸಿದವು ಅನ್ನಿ. ನಾರಿನ ಎರಡು ಲೋಟ 58 ಮತ್ತು 59. ಬರಿ ಲೋಟ 52. ಮಕ್ಕಳು "ಹತ್ತಿ ಗೆದ್ದಿತು!" ಅಂತ ಕೂಗುತ್ತಾರೆ. ಆಗ ನೀವು ಕೇಳಬೇಕಾದ ಪ್ರಶ್ನೆ: ಹತ್ತಿಗೂ ಹತ್ತಿಗೂ ಎಷ್ಟು ಅಂತರ? ಒಂದು ಡಿಗ್ರಿ. ಹತ್ತಿಗೂ ನಾರಿಗೂ? ಅರ್ಧ ಡಿಗ್ರಿ. ಒಂದೇ ವಸ್ತು, ಒಂದೇ ಥರ ತುಂಬಿದ ಎರಡು ಲೋಟಗಳೇ ಒಂದು ಡಿಗ್ರಿ ಬೇರೆಯಾಗಿರುವಾಗ, ಅರ್ಧ ಡಿಗ್ರಿ ನೋಡಿ ಯಾರು ಗೆದ್ದರು ಅನ್ನಲು ಆಗುತ್ತದಾ? ಆಗುವುದಿಲ್ಲ. ಆದರೆ ಇವೆರಡೂ ಬರಿ ಲೋಟಕ್ಕಿಂತ ಆರೇಳು ಡಿಗ್ರಿ ಮೇಲಿವೆ. ಅದನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಮೊದಲು ಹೇಳಿದೆನಲ್ಲ, "ಹತ್ತಿಗಿಂತ ಪೇಪರ್ ಗೆದ್ದಿತು" ಅಂತ ಬೇಸರ ಪಡುವವರ ಬಗ್ಗೆ, ಅವರಿಗೆ ನನ್ನ ಉತ್ತರ ಇದೇ. ಒಂದೊಂದೇ ಲೋಟ ಇಟ್ಟಿದ್ದರಿಂದ ಅದು ಗೆಲುವೋ ಆಕಸ್ಮಿಕವೋ ತಿಳಿಯಲು ದಾರಿಯೇ ಇರಲಿಲ್ಲ. ಈ ವಸ್ತುಗಳು ನಿಜವಾಗಿಯೂ ಒಂದಕ್ಕೊಂದು ಹತ್ತಿರ ಇವೆ. ಉಷ್ಣವಾಹಕತೆ ಅಂತ ಒಂದು ಅಳತೆ ಇದೆ, ವಸ್ತುವಿನ ಮೂಲಕ ಶಾಖ ಎಷ್ಟು ಸಲೀಸಾಗಿ ಸಾಗುತ್ತದೆ ಅನ್ನುವ ಸಂಖ್ಯೆ. ನಿಂತ ಗಾಳಿಗೆ ಅದು ಸುಮಾರು 0.025. ಥರ್ಮೋಕೋಲಿಗೆ 0.035ರ ಆಸುಪಾಸು, ಹತ್ತಿ ಮತ್ತು ಉಣ್ಣೆಗೆ 0.04ರ ಆಸುಪಾಸು. ಅದೇ ನೀರಿಗೆ 0.6, ಸ್ಟೇನ್‌ಲೆಸ್ ಸ್ಟೀಲಿಗೆ ಸುಮಾರು 15, ಅಲ್ಯೂಮಿನಿಯಮ್ಮಿಗೆ 200ಕ್ಕೂ ಹೆಚ್ಚು. ಸಡಿಲವಾದ, ಗಾಳಿ ಹಿಡಿದ ವಸ್ತುಗಳೆಲ್ಲ ಒಂದೇ ಕೇರಿಯಲ್ಲಿವೆ, ಲೋಹಗಳು ಬೇರೆ ಊರಲ್ಲೇ ಇವೆ. ಶಾಲೆಯಲ್ಲಿ ಸಿಗುವ ಥರ್ಮಾಮೀಟರಿನಿಂದ ಆ ಕೇರಿಯೊಳಗಿನ ಜಗಳ ತೀರಿಸುವುದು ಕಷ್ಟ.

ದಯವಿಟ್ಟು ಅಂಕಿ ತಿದ್ದಿಸಬೇಡಿ. "ಪುಸ್ತಕದಲ್ಲಿ ಹೀಗಿದೆ, ಹೀಗೇ ಬರೆದುಕೊಳ್ಳಿ" ಅಂದ ದಿನ ಮಗುವಿಗೆ ಥರ್ಮಾಮೀಟರ್ ನೋಡುವ ಅಗತ್ಯವೇ ಇಲ್ಲದಂತಾಗುತ್ತದೆ. ಬೇರೆ ಬಂದ ಅಂಕಿಯ ಪಕ್ಕದಲ್ಲಿ ಅದಕ್ಕೆ ಏನು ಕಾರಣ ಇರಬಹುದು ಅಂತ ಬರೆಸಿ: ಒದ್ದೆಯಾಯಿತೇ, ಮುಚ್ಚಳ ಸಡಿಲವಿತ್ತೇ, ಲೋಟ ಒಂದು ಪಕ್ಕಕ್ಕೆ ವಾಲಿತ್ತೇ?

ಖಾಲಿ ಸಂದಿಯ ಲೋಟವನ್ನು ಮರೆಯಬೇಡಿ. ಏನೂ ತುಂಬದಿದ್ದರೂ ಅದು ಬರಿ ಲೋಟಕ್ಕಿಂತ ಚೆನ್ನಾಗಿ ಬಿಸಿ ಉಳಿಸಿರುತ್ತದೆ. ಇಲ್ಲೇ ಒಳ್ಳೆಯ ಚರ್ಚೆ ಹುಟ್ಟುತ್ತದೆ. ಗಾಳಿಯೇ ಇಷ್ಟು ಒಳ್ಳೆಯ ನಿರೋಧಕ ಆದರೆ ಹತ್ತಿ ಯಾಕೆ ಬೇಕು? ಖಾಲಿ ಸಂದಿಯಲ್ಲಿ ಗಾಳಿ ಸುತ್ತು ಹೊಡೆಯುತ್ತದೆ, ವಿಕಿರಣವೂ ಅಡ್ಡಿಯಿಲ್ಲದೆ ದಾಟುತ್ತದೆ. ಹತ್ತಿಯ ಎಳೆಗಳು ಗಾಳಿಯನ್ನು ನಿಲ್ಲಿಸುತ್ತವೆ. ಹಾಗಾದರೆ ಗಾಳಿಯನ್ನೇ ತೆಗೆದುಬಿಟ್ಟರೆ? 1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂಆರ್ ಮಾಡಿದ್ದು ಅದನ್ನೇ. ಎರಡು ಗೋಡೆಯ ನಡುವಿನ ಗಾಳಿಯನ್ನು ಹೀರಿ ತೆಗೆದರು. ನೀವು ಬಿಸಿನೀರು ತಂದ ಫ್ಲಾಸ್ಕ್ ಆ ಉಪಾಯದಿಂದಲೇ ಕೆಲಸ ಮಾಡುತ್ತದೆ.

ಒಂಬತ್ತು, ಹತ್ತನೇ ತರಗತಿಯವರಾದರೆ ಒಂದು ಲೆಕ್ಕ ಮಾಡಿಸಿ. ಮೇಲಿನ ಉದಾಹರಣೆಯ ಬರಿ ಲೋಟ 13 ಡಿಗ್ರಿ ಇಳಿಯಿತು. 836ನ್ನು 13ರಿಂದ ಗುಣಿಸಿದರೆ 10,868 ಜೂಲ್. 30 ನಿಮಿಷ ಅಂದರೆ 1,800 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 6 ಜೂಲ್, ಅಂದರೆ 6 ವ್ಯಾಟ್. ಒಂದು ಸಣ್ಣ ಎಲ್‌ಇಡಿ ಬಲ್ಬ್ ಉರಿಯುವಷ್ಟು. 6 ಡಿಗ್ರಿ ಇಳಿದ ಲೋಟಕ್ಕೆ ಅದು 3 ವ್ಯಾಟಿಗೂ ಕಡಿಮೆ. ಕಣ್ಣಿಗೆ ಕಾಣದೆ ಹೋಗುವ ಶಾಖಕ್ಕೆ ಹೀಗೆ ಒಂದು ಅಳತೆ ಸಿಕ್ಕಿದಾಗ ಮಕ್ಕಳು ತುಂಬಾ ಖುಷಿಪಡುತ್ತಾರೆ.

ಅಲ್ಯೂಮಿನಿಯಂ ಹಾಳೆಯ ಬಗ್ಗೆ ಒಂದು ಮಾತು. ಲೋಹ ಒಳ್ಳೆಯ ವಾಹಕ ಅಂತ ಕಲಿತ ಮಕ್ಕಳು, ಹೊಳೆಯುವ ಹಾಳೆ ಸುತ್ತಿದ ಲೋಟ ಹೆಚ್ಚು ಬಿಸಿ ಉಳಿಸಿದರೆ ಗೊಂದಲಕ್ಕೆ ಬೀಳುತ್ತಾರೆ. ಆ ಹಾಳೆ ತಡೆಯುವುದು ವಿಕಿರಣವನ್ನು, ವಹನವನ್ನಲ್ಲ. ಮೊದಲ ದಿನ ಅದನ್ನು ತರಬೇಡಿ. ವಹನ ಗಟ್ಟಿಯಾದ ಮೇಲೆ ಬೇರೊಂದು ದಿನ ಮಾಡಿ.

ಚಿಕ್ಕ ಮಕ್ಕಳಿಗೆ, ಥರ್ಮಾಮೀಟರ್ ಇಲ್ಲದವರಿಗೆ: ಐಸ್

ಬಿಸಿನೀರು ಬೇಡ ಅನಿಸಿದರೆ ಅದೇ ಡಬ್ಬಿ, ಅದೇ ಲೋಟ, ಅದೇ ಮುಚ್ಚಳ. ಒಂದೇ ಟ್ರೇಯಿಂದ ತೆಗೆದ ನಾಲ್ಕು ನಾಲ್ಕು ಐಸ್ ತುಂಡು ಪ್ರತಿ ಲೋಟಕ್ಕೆ. ಮುಚ್ಚಳದ ತೂತಿಗೆ ಟೇಪು ಹಾಕಿ. 40 ನಿಮಿಷದ ನಂತರ ಕರಗಿದ ನೀರನ್ನು ಸೂಜಿ ಇಲ್ಲದ ಸಿರಿಂಜಿನಿಂದ ಎಳೆದು ಅಳೆಯಿರಿ. ನೀರು ಕಡಿಮೆ ಇದ್ದ ಲೋಟದ ನಿರೋಧಕ ಹೆಚ್ಚು ಒಳ್ಳೆಯದು. ಅವಳಿ ಲೋಟ ಇಲ್ಲೂ ಬೇಕು.

ಶುರು ಮಾಡುವ ಮೊದಲು "ಐಸಿಗೆ ಕಂಬಳಿ ಹೊದಿಸಿದರೆ ಬೇಗ ಕರಗುತ್ತಾ?" ಅಂತ ಕೇಳಿ. ಹಂತ 2 ಮಾಡಿಸದ ತರಗತಿಯಲ್ಲಿ ಹೆಚ್ಚಿನವರು ಹೌದು ಅನ್ನುತ್ತಾರೆ. ನಿರೋಧಕಕ್ಕೆ ಶಾಖ ಒಳಗಿಂದ ಹೊರಗೆ ಹೋಗುತ್ತಿದೆಯೋ ಹೊರಗಿಂದ ಒಳಗೆ ಬರುತ್ತಿದೆಯೋ ಎರಡೂ ಒಂದೇ ಅನ್ನುವುದು ಲೋಟ ತೆರೆದಾಗ ಗೊತ್ತಾಗುತ್ತದೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬಹುದು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೋಲ್ಕತ್ತಕ್ಕೆ ಹಡಗಿನಲ್ಲಿ ಐಸ್ ಬಂತು. ಹೊರಟಾಗ 180 ಟನ್. ಬಿಸಿಲಿನ ಸಮುದ್ರ ದಾಟಿ, ನಾಲ್ಕು ತಿಂಗಳ ಪ್ರಯಾಣದ ನಂತರವೂ ಸುಮಾರು 100 ಟನ್ ಉಳಿದಿತ್ತು. ಆ ವ್ಯಾಪಾರದವರು ಬಳಸುತ್ತಿದ್ದದ್ದು ಮರದ ಪುಡಿ, ಒಣಹುಲ್ಲು ಇಂಥವನ್ನೇ. ಚೆನ್ನೈನ ಮರೀನಾ ದಂಡೆಯ ಐಸ್ ಹೌಸ್ 1842ರಲ್ಲಿ ಹೀಗೆ ಬಂದ ಐಸ್ ಇಡಲು ಕಟ್ಟಿದ್ದು. ಆ ಕಟ್ಟಡ ಇಂದು ವಿವೇಕಾನಂದರ ಸ್ಮಾರಕವಾಗಿದೆ. ನಿಮ್ಮೂರಿನ ಐಸ್‌ಕ್ಯಾಂಡಿ ಗಾಡಿಯವರನ್ನು ತರಗತಿಗೆ ಕರೆದು ಅವರ ಪೆಟ್ಟಿಗೆಯ ಗೋಡೆಯೊಳಗೆ ಏನಿದೆ ಅಂತ ಮಕ್ಕಳಿಂದ ಕೇಳಿಸಿದರೆ ಇನ್ನೂ ಚೆನ್ನ.

ಮುಗಿದ ಮೇಲೆ ಊಹೆಯ ಚೀಟಿಗಳನ್ನು ವಾಪಸ್ ಕೊಡಿ. ತಮ್ಮ ಊಹೆಯ ಕೆಳಗೆ ನಡೆದದ್ದನ್ನು ಅವರೇ ಬರೆಯಲಿ. ಹತ್ತಿ, ನಾರು, ಹೊಟ್ಟನ್ನು ಬಿಸಿಲಿಗೆ ಹರಡಿ, ಪೂರ್ತಿ ಒಣಗಿದ ಮೇಲೆ ಹೆಸರು ಬರೆದ ಚೀಲದಲ್ಲಿ ಕಟ್ಟಿಡಿ. ಮುಂದಿನ ವರ್ಷ ಅದೇ ಚೀಲ, ಅದೇ ಡಬ್ಬಿ ಬಳಸಿದರೆ ಈ ವರ್ಷದ ಗ್ರಾಫನ್ನು ಪಕ್ಕಕ್ಕಿಟ್ಟು ಹೋಲಿಸಬಹುದು.